ಜೂಮ್ ಇರುವ ಪುಟ್ಟ ಫಿಲ್ಮ್ ಕ್ಯಾಮೆರಾ: ಹತ್ತಿರಕ್ಕೆ ಎಳೆದ ಚಿತ್ರಗಳು ಮಾತ್ರ ಮಬ್ಬಾಗುವುದೇಕೆ?

ಹುಣಸೆತೋಪು (ತುಮಕೂರು):

ಎಲ್ಲರಿಗೂ ನಮಸ್ಕಾರ. ನಮ್ಮ ಸೋದರಮಾವನವರು ಬಹಳ ಹಿಂದೆ ಬಳಸುತ್ತಿದ್ದ, ಜೇಬಿನಲ್ಲಿ ಹಿಡಿಸುವಷ್ಟು ಚಿಕ್ಕದಾದ ಆಟೋಮ್ಯಾಟಿಕ್ ಕ್ಯಾಮೆರಾವೊಂದು ಈಗ ನನ್ನ ಕೈ ಸೇರಿದೆ. 35 ಎಂಎಂ ರೀಲು ಹಾಕುವ ಕ್ಯಾಮೆರಾ. ಲೆನ್ಸಿನ ಸುತ್ತ 38–140 ಎಂಎಂ ಎಂದೂ ಅದರ ಪಕ್ಕದಲ್ಲಿ 4–11 ಎಂದೂ ಬರೆದಿದೆ. ಹೊಸ ಸಿಆರ್123ಎ ಬ್ಯಾಟರಿ ಹಾಕಿದ ಕೂಡಲೇ ಲೆನ್ಸು ತಡೆಯಿಲ್ಲದೆ ಹೊರಬಂತು, ಫ್ಲ್ಯಾಶ್ ಕೂಡ ಬೆಳಗಿತು. 200 ಸ್ಪೀಡಿನ (ಸ್ಪೀಡು ಹೆಚ್ಚಿದಷ್ಟೂ ರೀಲಿಗೆ ಕಡಿಮೆ ಬೆಳಕು ಸಾಕು) ಕಲರ್ ರೀಲೊಂದನ್ನು ಹಾಕಿ, ಸಿದ್ಧಗಂಗೆಯ ದನಗಳ ಜಾತ್ರೆ, ಕೈದಾಳದ ಚೆನ್ನಕೇಶವ ದೇವಾಲಯ ಮತ್ತು ದೇವರಾಯನದುರ್ಗದಲ್ಲಿ ಚಿತ್ರ ತೆಗೆದು, ಬೆಂಗಳೂರಿನ ಲ್ಯಾಬಿಗೆ ಕಳಿಸಿ ತೊಳೆಸಿ ಸ್ಕ್ಯಾನ್ ಮಾಡಿಸಿಕೊಂಡೆ.

ಜೂಮ್ ಮಾಡದೆ ತೆಗೆದ ಚಿತ್ರಗಳು ಕಣ್ಣಿಗೆ ಕಟ್ಟುವಂತೆ ಬಂದಿವೆ. ಜೂಮ್ ಪೂರ್ತಿ ಎಳೆದು ತೆಗೆದವುಗಳಲ್ಲಿ ಹೆಚ್ಚಿನವು ಮಬ್ಬಾಗಿವೆ. ಚಪ್ಪರದ ಕೆಳಗೆ ಕಟ್ಟಿದ್ದ ಹಳ್ಳಿಕಾರ್ ಎತ್ತುಗಳ ಮುಖ ಗೆರೆಗೆರೆಯಾಗಿ ಕಾಣುತ್ತದೆ; ಕೈದಾಳದ ಮಂಟಪದ ಕಂಬಗಳು ಬೂದಿ ಬಳಿದಂತೆ ಕಪ್ಪಾಗಿ, ಕಾಳುಕಾಳಾಗಿ ಬಂದಿವೆ (ಅಲ್ಲಿ ಫ್ಲ್ಯಾಶ್ ಬೇಡವೆಂದು ಹೇಳಿದ್ದರಿಂದ ಅದನ್ನು ಆರಿಸಿದ್ದೆ); ದುರ್ಗದ ರಸ್ತೆಯಲ್ಲಿ ಬಸ್ಸಿನಿಂದ ತೆಗೆದ ಬೆಟ್ಟದ ಸಾಲು ಹಾಲಿನಲ್ಲಿ ಅದ್ದಿದಂತಿದೆ. ಆದರೆ ಅದೇ ಜೂಮಿನಲ್ಲಿ ಮಧ್ಯಾಹ್ನ ಬಯಲಿನಲ್ಲಿ ತೆಗೆದ ತೇರಿನ ಕಳಶ ಮಾತ್ರ ಅಚ್ಚುಕಟ್ಟಾಗಿದೆ. ಲೆನ್ಸಿನೊಳಗೆ ಬೂಷ್ಟು ಹಿಡಿದಿರಬಹುದು, ಬಿಚ್ಚಿ ಒರೆಸಬೇಕು ಎಂದು ಪರಿಚಿತರೊಬ್ಬರು ಹೇಳುತ್ತಾರೆ. ಬಿಚ್ಚಿಸುವ ಮುನ್ನ ತಿಳಿದವರ ಅಭಿಪ್ರಾಯ ಕೇಳೋಣವೆಂದು ಬರೆಯುತ್ತಿದ್ದೇನೆ.

ಕತ್ತಲೆಕೋಣೆ:

ದಯವಿಟ್ಟು ಬಿಚ್ಚಿಸಬೇಡಿ. ಬೂಷ್ಟು ಹಿಡಿದಿದ್ದರೆ ಅದರ ಮಂಕು ಜೂಮ್ ಮಾಡದ ಚಿತ್ರಗಳಲ್ಲೂ ಸ್ವಲ್ಪವಾದರೂ ಕಾಣಬೇಕಿತ್ತು, ತೇರಿನ ಕಳಶವೂ ಚೊಕ್ಕಟವಾಗಿ ಬರುತ್ತಿರಲಿಲ್ಲ. ನೀವೇ ಓದಿದ 4–11 ಎಂಬ ಅಂಕಿಗಳಲ್ಲಿ ನಿಮ್ಮ ಪ್ರಶ್ನೆಯ ಮುಕ್ಕಾಲು ಪಾಲು ಉತ್ತರವಿದೆ.

38 ಎಂಎಂನಲ್ಲಿ ನಿಮ್ಮ ಲೆನ್ಸಿನ ಅಪರ್ಚರ್ ಎಫ್/4, 140 ಎಂಎಂನಲ್ಲಿ ಎಫ್/11. ಲೆನ್ಸಿನ ಉದ್ದವನ್ನು, ಅಂದರೆ ಅದರ ಮೇಲೆ ಬರೆದಿರುವ ಎಂಎಂ ಅಂಕಿಯನ್ನು, ಈ ಎಫ್ ಅಂಕಿಯಿಂದ ಭಾಗಿಸಿದರೆ ಬೆಳಕು ಒಳಬರುವ ಕಂಡಿಯ ಅಗಲ ಸಿಗುತ್ತದೆ: ಮೊದಲನೆಯದರಲ್ಲಿ ಸುಮಾರು 9.5 ಮಿಲಿಮೀಟರ್, ಎರಡನೆಯದರಲ್ಲಿ ಸುಮಾರು 12.7 ಮಿಲಿಮೀಟರ್. ಅಂದರೆ ಕಂಡಿಯೇನೂ ಕಿರಿದಾಗುವುದಿಲ್ಲ, ತುಸು ಹಿಗ್ಗಿಯೇ ಇರುತ್ತದೆ. ಆದರೆ ಉದ್ದನೆಯ ಪಡಸಾಲೆಯ ಆಚೆ ತುದಿಯಲ್ಲಿರುವ ಕಿಟಕಿಯಿಂದ ಈಚೆ ತುದಿಗೆ ಬೀಳುವ ಬೆಳಕು ಹೇಗೆ ಕಡಿಮೆಯೋ, ಹಾಗೆಯೇ ಉದ್ದವಾದ ಲೆನ್ಸಿನಿಂದ ಫಿಲ್ಮಿನ ಮೇಲೆ ಬೀಳುವ ಬೆಳಕೂ ಕಡಿಮೆ. ಎಫ್/4ರಿಂದ ಎಫ್/11ಕ್ಕೆ ಹೋದರೆ ಬೆಳಕು ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. 140 ಎಂಎಂನಲ್ಲೂ ಎಫ್/4 ಬೇಕೆಂದರೆ 35 ಮಿಲಿಮೀಟರ್ ಅಗಲದ ಕಂಡಿ ಬೇಕು. ಅಷ್ಟು ದೊಡ್ಡ ಗಾಜನ್ನಿಟ್ಟರೆ ಕ್ಯಾಮೆರಾ ಜೇಬಿಗೆ ಹಿಡಿಸುವುದಿಲ್ಲ.

1986ರಲ್ಲಿ ಪೆಂಟ್ಯಾಕ್ಸ್ ಕಂಪನಿಯು ಜೂಮ್ 70 ಎಂಬ ಹೆಸರಿನಲ್ಲಿ ಜೂಮ್ ಇರುವ ಮೊದಲ 35 ಎಂಎಂ ಕಾಂಪ್ಯಾಕ್ಟ್ ಕ್ಯಾಮೆರಾವನ್ನು ಹೊರತಂದಾಗ ಅದರ ವ್ಯಾಪ್ತಿ 35ರಿಂದ 70 ಎಂಎಂ ಮಾತ್ರವಾಗಿತ್ತು. ಆಮೇಲಿನ ವರ್ಷಗಳಲ್ಲಿ ಕಂಪನಿಗಳು ಒಂದರ ಮೇಲೊಂದು ಬಿದ್ದು 105, 140, ಕೊನೆಗೆ 200 ಎಂಎಂವರೆಗೂ ಲೆನ್ಸನ್ನು ಎಳೆದುವು. ಅಂಗಡಿಯ ಗಾಜಿನ ಕಪಾಟಿನಲ್ಲಿ ಗಿರಾಕಿಯ ಕಣ್ಣಿಗೆ ಬೀಳುತ್ತಿದ್ದುದು ಆ ದೊಡ್ಡ ಅಂಕಿಯೇ. ಜನರು 400 ಅಥವಾ 800 ಸ್ಪೀಡಿನ ರೀಲು ಹಾಕಿ, ಅಂಗೈಯಗಲದ ಪ್ರಿಂಟ್ ಹಾಕಿಸಿ ತೃಪ್ತಿಪಡುತ್ತಿದ್ದುದರಿಂದ ಎಫ್/11ರ ಕೊರತೆ ಅಷ್ಟಾಗಿ ಎದ್ದು ಕಾಣುತ್ತಿರಲಿಲ್ಲ. ನೀವಾದರೋ ಸ್ಕ್ಯಾನನ್ನು ಪರದೆಯ ತುಂಬ ಹಿಗ್ಗಿಸಿ ನೋಡುತ್ತಿದ್ದೀರಿ.

ಈಗ ನಿಮ್ಮ ರೀಲಿನ ಲೆಕ್ಕ ನೋಡೋಣ. ನಿಚ್ಚಳ ಬಿಸಿಲಿನಲ್ಲಿ ಎಫ್/16 ಇಟ್ಟರೆ, ಷಟರ್ ವೇಗವು (ಷಟರ್ ತೆರೆದು ಫಿಲ್ಮಿಗೆ ಬೆಳಕು ಬೀಳುವ ಅವಧಿ) ಹೆಚ್ಚುಕಡಿಮೆ ರೀಲಿನ ಸ್ಪೀಡಿನಷ್ಟೇ ಇರಬೇಕು ಎಂಬುದು ಹಳೆಯ ಸೂತ್ರ. 200 ಸ್ಪೀಡಿಗೆ ಎಫ್/16ರಲ್ಲಿ 1/200 ಸೆಕೆಂಡ್ ಆದರೆ, ಎಫ್/11ರಲ್ಲಿ 1/400. ತೇರಿನ ಕಳಶ ಚೆನ್ನಾಗಿ ಬಂದದ್ದು ಇದರಿಂದಲೇ. ಚಪ್ಪರದ ನೆರಳಿನಲ್ಲಿ ಬೆಳಕು ಬಿಸಿಲಿನ ಎಂಟನೇ ಒಂದರಷ್ಟು ಎಂದುಕೊಂಡರೆ ಅದು 1/50ಕ್ಕೆ ಇಳಿಯುತ್ತದೆ. ಕೈಯಲ್ಲಿ ಹಿಡಿದು ತೆಗೆಯುವಾಗ ಷಟರ್ ವೇಗವು ಲೆನ್ಸಿನ ಉದ್ದಕ್ಕಿಂತ ಕಡಿಮೆಯಾಗಬಾರದು, ಅಂದರೆ 140 ಎಂಎಂಗೆ 1/140ರಷ್ಟಾದರೂ ಬೇಕು ಎಂಬುದು ಇನ್ನೊಂದು ಸೂತ್ರ. 1/50 ಅದಕ್ಕೆ ಎಲ್ಲಿಯೂ ಸಾಲದು. ಮಂಟಪದೊಳಗೆ ಬೆಳಕು ಬಿಸಿಲಿನ ಅರವತ್ತನಾಲ್ಕನೇ ಒಂದರಷ್ಟಿದ್ದರೆ ವೇಗ 1/6 ಸೆಕೆಂಡಿಗೆ ಬರುತ್ತದೆ. ಅಲ್ಲಿ ಯಾರ ಕೈಯೂ ನಿಲ್ಲುವುದಿಲ್ಲ. ಅದೇ ಮಂಟಪದಲ್ಲಿ ಜೂಮ್ ಮಾಡದೆ 38 ಎಂಎಂನಲ್ಲೇ ನಿಂತಿದ್ದರೆ ಎಫ್/4ರಿಂದಾಗಿ 1/50 ಸಿಗುತ್ತಿತ್ತು, ಆ ಲೆನ್ಸಿಗೆ 1/40 ಇದ್ದರೂ ಸಾಕು. ನಿಮ್ಮ ಒಳ್ಳೆಯ ಚಿತ್ರಗಳಿಗೂ ಕೆಟ್ಟ ಚಿತ್ರಗಳಿಗೂ ಇರುವ ಅಂತರ ಇಷ್ಟೇ.

ಹಾಗಾಗಿ ನನ್ನ ಸಲಹೆ: ಇದು 38 ಎಂಎಂ ಕ್ಯಾಮೆರಾ ಎಂದೇ ತಿಳಿದು ಬಳಸಿ, ಜೂಮ್ ಬಟನ್ ಇದೆಯೆಂಬುದನ್ನು ಮರೆತುಬಿಡಿ, ಬೇಕಾದರೆ ನಾಲ್ಕು ಹೆಜ್ಜೆ ಮುಂದೆ ಹೋಗಿ.

ನೆಗೆಟಿವ್ ಪೆಟ್ಟಿಗೆ (ತುಮಕೂರು):

ಡಿಜಿಟಲ್ ಬರುವ ಮುಂಚಿನ ಕಾಲದಲ್ಲಿ ಇದೇ ಊರಿನಲ್ಲಿ ಸ್ಟುಡಿಯೋ ನಡೆಸಿದವನು ನಾನು. ಮೇಲಿನವರು ಹೇಳಿದ ಲೆಕ್ಕ ಸರಿಯಾಗಿದೆ, ಆದರೆ ಲೆಕ್ಕವೊಂದರಿಂದಲೇ ತೀರ್ಮಾನಿಸುವ ಬದಲು ನೆಗೆಟಿವ್ ನೋಡಿ. ಲ್ಯಾಬಿನವರು ನೆಗೆಟಿವ್ ಹಿಂದಿರುಗಿಸಿದ್ದಾರೆ ಎಂದುಕೊಳ್ಳುತ್ತೇನೆ. ಈಗಿನ ಮಕ್ಕಳು ಸ್ಕ್ಯಾನ್ ಬಂದ ಮೇಲೆ ನೆಗೆಟಿವನ್ನು ಕೇಳಿ ಪಡೆಯುವುದೇ ಇಲ್ಲ, ಅದು ನನಗೆ ಅರ್ಥವಾಗದ ವಿಷಯ.

ಕಿಟಕಿಯ ಬೆಳಕಿಗೆ ಹಿಡಿದು ನೋಡಿದಾಗ ಒಂದು ಚೌಕ ತೆಳ್ಳಗೆ, ಹೆಚ್ಚು ಕಡಿಮೆ ಬರಿಯ ಕಿತ್ತಳೆ ಬಣ್ಣದ ಪಟ್ಟಿಯಂತೆ ಕಂಡರೆ ಅದಕ್ಕೆ ಬೆಳಕು ಸಾಲಲಿಲ್ಲ ಎಂದರ್ಥ. ಅಂಥ ಚೌಕವನ್ನು ಸ್ಕ್ಯಾನರ್ ಬಲವಂತವಾಗಿ ಬೆಳಗಿಸುವುದರಿಂದ ಕಪ್ಪಿರಬೇಕಾದ ಕಡೆ ಬೂದಿ ಬಣ್ಣವೂ ಕಾಳುಗಳೂ ಏಳುತ್ತವೆ. ಚೌಕ ದಟ್ಟವಾಗಿಯೇ ಇದ್ದು ಚಿತ್ರ ಮಾತ್ರ ಮಬ್ಬಾಗಿದ್ದರೆ ಭೂತಗನ್ನಡಿ ತೆಗೆದುಕೊಂಡು ಹೊಳೆಯುವ ಚುಕ್ಕೆಗಳನ್ನು ಹುಡುಕಿ: ಕೊಂಬಿಗೆ ಹಾಕಿದ ಹಿತ್ತಾಳೆಯ ಕಳಸ, ಕಣ್ಣಿನ ಹೊಳಪು, ಇಂಥವು. ಎಲ್ಲ ಚುಕ್ಕೆಗಳೂ ಒಂದೇ ದಿಕ್ಕಿಗೆ ಗೆರೆಯಾಗಿ ಎಳೆದಿದ್ದರೆ ಕೈ ಅಲುಗಿದೆ. ಚುಕ್ಕೆಗಳು ಗೆರೆಯಾಗದೆ ಬಿಲ್ಲೆಯಂತೆ ಉಬ್ಬಿದ್ದು, ಅದೇ ಚಿತ್ರದಲ್ಲಿ ಹಿಂದಿನ ಗೋಡೆಯೋ ಮುಂದಿನ ಹಗ್ಗವೋ ಚೂಪಾಗಿದ್ದರೆ ಫೋಕಸ್ ತಪ್ಪಿದೆ. ನಿಂತದ್ದು ಚೂಪಾಗಿದ್ದು ಚಲಿಸಿದ್ದು ಮಾತ್ರ ಕಲಸಿದ್ದರೆ, ಕೈಯೂ ಫೋಕಸ್ಸೂ ಸರಿಯಿದ್ದು ಷಟರ್ ಮಾತ್ರ ನಿಧಾನವಾಗಿತ್ತು ಎಂದು ತಿಳಿಯಬಹುದು.

ಬಸ್ಸಿನ ಚಿತ್ರದ ವಿಷಯ ಬೇರೆ. ಈ ಬಗೆಯ ಅನೇಕ ಕ್ಯಾಮೆರಾಗಳು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣ ಬಿಟ್ಟು, ಅದು ಹಿಂದಿರುಗುವ ಕೋನದಿಂದ ದೂರವನ್ನು ಅಳೆಯುತ್ತವೆ. ಕಿಟಕಿಯ ಗಾಜು ಎದುರಿಗಿದ್ದರೆ ಕಿರಣ ಅಲ್ಲಿಂದಲೇ ಮರಳಿ, ಬೆಟ್ಟದ ಬದಲು ಗಾಜಿಗೆ ಫೋಕಸ್ ಆಗಬಹುದು. ನಿಮ್ಮ ಕ್ಯಾಮೆರಾದಲ್ಲಿ ಬೆಟ್ಟದ ಗುರುತಿರುವ ಮೋಡ್ ಇದ್ದರೆ ಗಾಜಿನ ಮೂಲಕ ತೆಗೆಯುವಾಗ ಅದನ್ನೇ ಹಾಕಿಕೊಳ್ಳಬೇಕು; ಆಗ ಅಳತೆಯ ಗೊಡವೆಗೆ ಹೋಗದೆ ನೇರವಾಗಿ ದೂರಕ್ಕೆ ಫೋಕಸ್ ಮಾಡುತ್ತದೆ.

ಬಿಚ್ಚುವ ಮಾತಂತೂ ಬೇಡವೇ ಬೇಡ. ಒಳಗೆ ಫ್ಲ್ಯಾಶಿನ ಕೆಪಾಸಿಟರ್ ಸುಮಾರು 300 ವೋಲ್ಟ್ ಹಿಡಿದಿಟ್ಟುಕೊಂಡಿರುತ್ತದೆ, ಬ್ಯಾಟರಿ ತೆಗೆದ ಮೇಲೂ ಅದು ಬೇಗ ಇಳಿಯುವುದಿಲ್ಲ.

ಹುಣಸೆತೋಪು:

ಇಬ್ಬರಿಗೂ ಧನ್ಯವಾದಗಳು. ಸ್ಟುಡಿಯೋದ ಹಿರಿಯರು ಹೇಳಿದಂತೆ ನೆಗೆಟಿವ್ ತೆಗೆದು ನೋಡಿದೆ. ಕೈದಾಳದ ಚೌಕಗಳು ತೀರಾ ತೆಳ್ಳಗಿವೆ. ಎತ್ತುಗಳ ಚಿತ್ರಗಳಲ್ಲಿ ಕಳಸದ ಹೊಳಪು ಕೆಳಮುಖವಾಗಿ ಗೆರೆ ಎಳೆದಿದೆ; ಒಂದರಲ್ಲಿ ಮಾತ್ರ ಎರಡು ಎತ್ತುಗಳ ನಡುವಿನ ಸಂದಿಯಲ್ಲಿ ಕಾಣುವ ಹುಲ್ಲಿನ ಮೆದೆ ಚೂಪಾಗಿದ್ದು ಎತ್ತುಗಳು ಬಿಲ್ಲೆಬಿಲ್ಲೆಯಾಗಿವೆ. ಹಾಗಾದರೆ ಜೂಮ್ ಸಂಪೂರ್ಣ ನಿರುಪಯೋಗಿ ಎಂದೇ ತಿಳಿಯಬೇಕೆ?

ಜಾತ್ರೆಬೀದಿ (ಶಿರಾ):

ಹಾಗೆ ತಿಳಿಯಬೇಕಾಗಿಲ್ಲ. ಕತ್ತಲೆಕೋಣೆಯವರ ಲೆಕ್ಕವನ್ನು ಒಪ್ಪುತ್ತೇನೆ, ಅವರ ಕೊನೆಯ ಸಲಹೆಯನ್ನು ಮಾತ್ರ ಒಪ್ಪಲಾರೆ. ನಮ್ಮ ಬಯಲುಸೀಮೆಯಲ್ಲಿ ವರ್ಷದ ಬಹುಪಾಲು ದಿನ ಬೆಳಕಿಗೆ ಬರವಿಲ್ಲ. ಮೋಡ ಮುಸುಕಿದ ಊರಿನವರಿಗೆ ಹೇಳುವ ಮಾತನ್ನು ಶಿರಾ, ಪಾವಗಡ, ಮಧುಗಿರಿಯ ಬಿಸಿಲಿಗೆ ಅನ್ವಯಿಸುವುದು ಅನ್ಯಾಯ. 400 ಸ್ಪೀಡಿನ ರೀಲು ಹಾಕಿದರೆ ಬಿಸಿಲಿನಲ್ಲಿ ಎಫ್/11ಕ್ಕೆ 1/800, ನೆರಳಿನಲ್ಲೂ 1/100 ಸಿಗುತ್ತದೆ. ಕಂಬಕ್ಕೆ ಒರಗಿ, ಮೊಳಕೈಗಳನ್ನು ಎದೆಗೆ ಒತ್ತಿಕೊಂಡು, ಬಟನ್ನನ್ನು ಕುಕ್ಕದೆ ಮೆಲ್ಲಗೆ ಅದುಮುವವನಿಗೆ 1/100 ಅಸಾಧ್ಯವೇನಲ್ಲ.

ಅಲ್ಲದೆ ನಾಲ್ಕು ಹೆಜ್ಜೆ ಮುಂದೆ ಹೋಗುವುದಕ್ಕೂ ಜೂಮ್ ಮಾಡುವುದಕ್ಕೂ ಒಂದೇ ಫಲವಿಲ್ಲ. 38 ಎಂಎಂನಲ್ಲಿ ಚೌಕ ತುಂಬುವಂತೆ ಮುಖ ತೆಗೆಯಲು ಮೊಳದಂತರಕ್ಕೆ ಹೋಗಬೇಕಾಗುತ್ತದೆ. ಅಷ್ಟು ಹತ್ತಿರ ಅನೇಕ ಕ್ಯಾಮೆರಾಗಳು ಫೋಕಸ್ಸನ್ನೇ ಮಾಡುವುದಿಲ್ಲ, ಮಾಡಿದರೂ ಮೂಗು ದಪ್ಪವಾಗಿ ಕಿವಿ ಹಿಂದಕ್ಕೆ ಸರಿದಂತೆ ಕಾಣುತ್ತದೆ. ಎರಡು ಮೀಟರ್ ದೂರ ನಿಂತು 70–80 ಎಂಎಂಗೆ ಎಳೆದರೆ ಮುಖ ಮುಖದಂತೆಯೇ ಬರುತ್ತದೆ. ನನ್ನ ದೃಷ್ಟಿಯಲ್ಲಿ ಈ ಕ್ಯಾಮೆರಾಗಳ ನಿಜವಾದ ಸೊಗಸು ಇರುವುದು ಜೂಮಿನ ಈ ನಡುಭಾಗದಲ್ಲಿಯೇ, ಆದರೆ ಬಟನ್ ಒತ್ತಿದವರೆಲ್ಲರೂ ಕೊನೆಯವರೆಗೆ ಎಳೆದೇ ಬಿಡುತ್ತಾರೆ.

ಎರಡು ಎತ್ತುಗಳ ನಡುವಿನ ಹುಲ್ಲಿನ ಮೆದೆಯ ಚಿತ್ರಕ್ಕೆ ಕಾರಣ ಬೇರೆ. ಫೋಕಸ್ ಅಳೆಯುವ ಗುರುತು ಕಣ್ಣಿಟ್ಟು ನೋಡುವ ಕಿಂಡಿಯ ನಟ್ಟನಡುವೆ ಇರುವುದರಿಂದ, ಜೋಡಿಯನ್ನು ನಡುವೆ ಇಟ್ಟರೆ ಆ ಗುರುತು ಸಂದಿಯೊಳಗೆ ತೂರಿ ಹಿಂದಿನದನ್ನು ಹಿಡಿಯುತ್ತದೆ. ಮೊದಲು ಒಂದು ಎತ್ತಿನ ಮುಖದ ಮೇಲೆ ಗುರುತಿಟ್ಟು ಬಟನ್ನನ್ನು ಅರ್ಧ ಒತ್ತಿ ಹಿಡಿಯಬೇಕು. ಕಿಂಡಿಯ ಪಕ್ಕದ ಹಸಿರು ದೀಪ ಬೆಳಗಿದ ಮೇಲೆ ಬೆರಳು ಎತ್ತದೆ ಕ್ಯಾಮೆರಾವನ್ನು ಸರಿಸಿ, ಬೇಕಾದ ಹಾಗೆ ಚೌಕ ಕೂಡಿಸಿ, ಪೂರ್ತಿ ಒತ್ತಬೇಕು. ಎಫ್/11 ಎಂದರೆ ಮುಂದೆಹಿಂದೆ ಎಲ್ಲವೂ ಚೂಪಾಗಿರುತ್ತದೆ ಎಂಬ ನಂಬಿಕೆಯೂ ಇಲ್ಲಿ ಕೈಕೊಡುತ್ತದೆ: 140 ಎಂಎಂನಲ್ಲಿ ಮೂರು ಮೀಟರ್ ದೂರಕ್ಕೆ ಫೋಕಸ್ ಮಾಡಿದಾಗ ಚೂಪಾಗಿ ಉಳಿಯುವ ಪಟ್ಟಿ ಹೆಚ್ಚೆಂದರೆ 30 ಸೆಂಟಿಮೀಟರ್, ಅದೇ ದೂರಕ್ಕೆ 38 ಎಂಎಂನಲ್ಲಿ ಎಫ್/4 ಇದ್ದರೂ ಒಂದೂವರೆ ಮೀಟರ್.

ನೋಡುವ ಕಿಂಡಿ ಲೆನ್ಸಿಗಿಂತ ಮೇಲೆ, ಸ್ವಲ್ಪ ಪಕ್ಕಕ್ಕೆ ಇರುತ್ತದೆ. ತೀರ ಹತ್ತಿರದ ವಸ್ತುವನ್ನು ಜೂಮ್ ಮಾಡಿ ತೆಗೆಯುವಾಗ ಕಿಂಡಿಯಲ್ಲಿ ಕಂಡ ತಲೆಯ ಮೇಲ್ಭಾಗ ಫಿಲ್ಮಿನಲ್ಲಿ ಕತ್ತರಿಸಿಹೋಗಬಹುದು. ಅದಕ್ಕೆಂದೇ ಒಳಗೆ ಚಿಕ್ಕ ಗೆರೆಗಳಿವೆ, ಹತ್ತಿರವಿದ್ದಾಗ ಅವುಗಳೊಳಗೇ ಕೂಡಿಸಿಕೊಳ್ಳಿ.

ಕತ್ತಲೆಕೋಣೆ:

ಜಾತ್ರೆಬೀದಿಯವರ ಆಕ್ಷೇಪ ನ್ಯಾಯವಾಗಿದೆ. ಬಿಸಿಲಿನ ಮಟ್ಟಿಗೆ, 400ರ ರೀಲಿನ ಮಟ್ಟಿಗೆ, ನಾನು ವಾದಿಸುವುದಿಲ್ಲ. ಮಂಟಪದೊಳಗೆ 400 ಹಾಕಿದರೂ 140 ಎಂಎಂಗೆ 1/12 ಮಾತ್ರ ಸಿಗುವುದರಿಂದ ಅಲ್ಲಿ ನನ್ನ ಮಾತೇ ನಿಲ್ಲುತ್ತದೆ.

ಫ್ಲ್ಯಾಶಿನ ವಿಷಯವನ್ನು ಯಾರೂ ಎತ್ತಲಿಲ್ಲ. ಮನೆಯೊಳಗಿನ ನಾಮಕರಣ, ಆರತಿಗಳಲ್ಲಿ ಜೂಮ್ ಮಾಡಿ ಫ್ಲ್ಯಾಶ್ ಹಾಕಿದವರಿಗೆ ಕಪ್ಪು ಚಿತ್ರ ಬರುವುದಕ್ಕೂ ಇದೇ ಎಫ್/11 ಕಾರಣ. ಫ್ಲ್ಯಾಶಿನ ಶಕ್ತಿಯನ್ನು ತಿಳಿಸುವ ಗೈಡ್ ನಂಬರನ್ನು ಅಪರ್ಚರಿನಿಂದ ಭಾಗಿಸಿದರೆ ಅದು ಎಷ್ಟು ಮೀಟರ್ ತಲುಪುತ್ತದೆ ಎಂಬುದು ಸಿಗುತ್ತದೆ. 100 ಸ್ಪೀಡಿಗೆ ಗೈಡ್ ನಂಬರ್ 14 ಎಂದಿಟ್ಟುಕೊಳ್ಳಿ: ಎಫ್/4ರಲ್ಲಿ ಮೂರೂವರೆ ಮೀಟರ್, ಎಫ್/11ರಲ್ಲಿ ಒಂದೂಕಾಲು ಮೀಟರ್. 400ರ ರೀಲು ಹಾಕಿದರೆ ಎರಡೂ ಇಮ್ಮಡಿಯಾಗುತ್ತವೆ, ಆಗಲೂ ಜೂಮಿನ ತುದಿಯಲ್ಲಿ ಎರಡೂವರೆ ಮೀಟರ್ ಆಚೆಗೆ ಕತ್ತಲೆಯೇ. ಇನ್ನೊಂದು ಕಿರಿಕಿರಿ: ಈ ಕ್ಯಾಮೆರಾಗಳಲ್ಲಿ ಹಲವು ಪ್ರತಿ ಸಲ ಆರಿಸಿ ಹಚ್ಚಿದಾಗ ಆಟೋ ಫ್ಲ್ಯಾಶಿಗೇ ಮರಳುತ್ತವೆ. ಫ್ಲ್ಯಾಶ್ ಬೇಡವಾದ ಕಡೆ ಪ್ರತಿ ಸಲವೂ ಆರಿಸಿಕೊಳ್ಳುವುದನ್ನು ರೂಢಿ ಮಾಡಿಕೊಳ್ಳಿ.

ನೆಗೆಟಿವ್ ಪೆಟ್ಟಿಗೆ:

400ರ ರೀಲು ಕೊಳ್ಳುವಾಗ ಕ್ಯಾಸೆಟ್ಟಿನ ಮೈಮೇಲೆ ಕಪ್ಪು-ಬೆಳ್ಳಿ ಚೌಕಗಳ ಡಿಎಕ್ಸ್ ಗುರುತು ಇದೆಯೇ ನೋಡಿ. ಸ್ಪೀಡನ್ನು ಕೈಯಲ್ಲಿ ತಿರುಗಿಸಿ ಹೊಂದಿಸುವ ಅವಕಾಶ ಇಂಥ ಕ್ಯಾಮೆರಾಗಳಲ್ಲಿ ಇರುವುದಿಲ್ಲ. ಆ ಗುರುತನ್ನು ಮುಟ್ಟಿ ಓದುತ್ತವೆ, ಗುರುತಿಲ್ಲದಿದ್ದರೆ ಹೆಚ್ಚಿನವು 100 ಎಂದೇ ಭಾವಿಸುತ್ತವೆ. ಈಗ ಅಗ್ಗಕ್ಕೆ ಸಿಗುವ, ಕೈಯಲ್ಲಿ ಸುತ್ತಿ ತುಂಬಿದ ರೀಲುಗಳಲ್ಲಿ ಬಹಳಷ್ಟಕ್ಕೆ ಈ ಗುರುತಿಲ್ಲ. 400ನ್ನು 100 ಎಂದು ಓದಿದರೆ ಬೆಳಕು ನಾಲ್ಕರಷ್ಟು ಬೀಳುತ್ತದೆ. ಕಲರ್ ನೆಗೆಟಿವ್ ಅದನ್ನು ತಾಳಿಕೊಳ್ಳುತ್ತದೆ, ಆದರೆ ಷಟರ್ ನಾಲ್ಕು ಪಟ್ಟು ನಿಧಾನವಾಗುವುದರಿಂದ ನೀವು 400 ಕೊಂಡ ಉದ್ದೇಶವೇ ವ್ಯರ್ಥ. ಅವುಗಳಲ್ಲಿ ಕೆಲವು ಸಿನಿಮಾ ಫಿಲ್ಮನ್ನು ಕತ್ತರಿಸಿ ತುಂಬಿದವು. ಹಿಂಬದಿಯಲ್ಲಿ ಕಪ್ಪು ಕಾರ್ಬನ್ ಲೇಪನ ಇರುವ ಫಿಲ್ಮನ್ನು ಕಲರ್ ನೆಗೆಟಿವ್ ತೊಳೆಯುವ ಸಾಮಾನ್ಯ ಸಿ-41 ಯಂತ್ರಕ್ಕೆ ಹಾಕಿದರೆ ಲೇಪನ ಕರಗಿ ರಾಸಾಯನಿಕವನ್ನೂ ಬೇರೆಯವರ ರೀಲುಗಳನ್ನೂ ಕೆಡಿಸುತ್ತದೆ. ಲ್ಯಾಬಿಗೆ ಕಳಿಸುವಾಗ ಅದನ್ನು ಪೊಟ್ಟಣದ ಮೇಲೆ ಬರೆದು ತಿಳಿಸಬೇಕು.

ಹುಣಸೆತೋಪು:

ಗುರುತಿರುವ 400ರ ರೀಲನ್ನೇ ತರಿಸುತ್ತೇನೆ. ಶಿರಾದವರಿಗೆ ಒಂದು ಪ್ರಶ್ನೆ: ಕಗ್ಗಲಡುವಿನ ಹುಣಸೆ ಮರಗಳಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳನ್ನು ಈ ಕ್ಯಾಮೆರಾದಲ್ಲಿ ತೆಗೆಯುವ ಆಸೆಯಿದೆ. 140 ಎಂಎಂ ಅದಕ್ಕೆ ಸಾಕಾಗುವುದೇ?

ಜಾತ್ರೆಬೀದಿ:

ಹಕ್ಕಿಯ ರೆಕ್ಕೆಯ ಗರಿ ಎಣಿಸುವಂಥ ಚಿತ್ರಕ್ಕೆ ಸಾಲದು. ಗೂಡು, ಕೊಂಬೆ, ಹಕ್ಕಿ ಮೂರೂ ಸೇರಿದ ಚಿತ್ರಕ್ಕೆ ಸಾಕು. ಬಣ್ಣದ ಕೊಕ್ಕರೆ ಹೆಚ್ಚು ಕಡಿಮೆ ಒಂದು ಮೀಟರ್ ಎತ್ತರದ ಹಕ್ಕಿ. ಹದಿನೈದು ಮೀಟರ್ ದೂರದಿಂದ 140 ಎಂಎಂನಲ್ಲಿ ತೆಗೆದರೆ ಫಿಲ್ಮಿನ ಮೇಲೆ ಅದು ಸುಮಾರು 9 ಮಿಲಿಮೀಟರ್ ಎತ್ತರ ಬರುತ್ತದೆ. ಅಡ್ಡ ಹಿಡಿದ ಚೌಕದ ಎತ್ತರ 24 ಮಿಲಿಮೀಟರ್ ಆದ್ದರಿಂದ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು. 38 ಎಂಎಂನಲ್ಲಿ ಅದೇ ಹಕ್ಕಿ ಎರಡೂವರೆ ಮಿಲಿಮೀಟರ್, ಅಂದರೆ ಎಲೆಗಳ ನಡುವೆ ಒಂದು ಬಿಳಿ ಚುಕ್ಕೆ. ಜೂಮಿನ ತುದಿಯನ್ನು ಸಂಕೋಚವಿಲ್ಲದೆ ಬಳಸಬೇಕಾದ ಜಾಗ ಇದೇ.

ಮರಗಳು ಊರಿನೊಳಗೇ ಇರುವುದರಿಂದ ದೂರದಿಂದ ಹೊಂಚುಹಾಕಬೇಕಾಗಿಲ್ಲ. ಬಿಸಿಲು ಸ್ವಲ್ಪ ಏರಿದ ಮೇಲೆ, ಸೂರ್ಯ ನಿಮ್ಮ ಬೆನ್ನಿಗಿರುವಂತೆ ನಿಂತುಕೊಳ್ಳಿ. ಆಕಾಶದ ವಿರುದ್ಧ ಹಕ್ಕಿಯನ್ನು ಇಟ್ಟರೆ ಕ್ಯಾಮೆರಾದೊಳಗಿನ ಬೆಳಕಳೆಯುವ ಮೀಟರ್ ಆಕಾಶದ ಬೆಳಕನ್ನೇ ನಂಬಿ ಹಕ್ಕಿಯನ್ನು ಕಪ್ಪಾಗಿಸುತ್ತದೆ, ಆದ್ದರಿಂದ ಹಿಂದೆ ಮರದ ಹಸಿರೋ ಮನೆಯ ಗೋಡೆಯೋ ಬರುವ ಗೂಡನ್ನು ಆರಿಸಿಕೊಳ್ಳಿ. ಕೊಂಬೆಗಳ ಸಂದಿಯಲ್ಲಿ ಫೋಕಸ್ ತಪ್ಪುವ ಸಂಭವ ಹೆಚ್ಚು. ಅಷ್ಟೇ ದೂರದಲ್ಲಿರುವ ದಪ್ಪ ಕಾಂಡಕ್ಕೆ ಗುರುತಿಟ್ಟು, ಅರ್ಧ ಒತ್ತಿ, ಆಮೇಲೆ ಗೂಡಿನತ್ತ ತಿರುಗಿಸಿ. ಫ್ಲ್ಯಾಶನ್ನು ಆರಿಸಿಡಿ, ಅಷ್ಟು ದೂರ ಅದು ತಲುಪುವುದಿಲ್ಲ, ಮರಿಗಳಿರುವ ಗೂಡಿಗೆ ಅದರ ಅಗತ್ಯವೂ ಇಲ್ಲ.